1950–60ರ ದಶಕದ ಮಲ್ಟಿಪರ್ಪಸ್ ಹೈಸ್ಕೂಲು: ಏಳು ಗುಂಪುಗಳಲ್ಲಿ ನಿಜವಾಗಿ ಏನೇನು ಕಲಿಸುತ್ತಿದ್ದರು?

ಹಳೇಕಡತ
ಶಾಲೆಗಳ ವಜ್ರಮಹೋತ್ಸವದ ಸಂಚಿಕೆ ಸಿದ್ಧಮಾಡುವವರಿಗೆ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ‘ಟೆಕ್ನಿಕಲ್ ಗ್ರೂಪ್’, ‘ಕ್ರಾಫ್ಟ್: ನೇಯ್ಗೆ’, ‘ಅಗ್ರಿಕಲ್ಚರ್ ಐಚ್ಛಿಕ’ ಎಂಬಂಥ ಬರಹ ಸಿಗುತ್ತದೆ. ಬಹಳ ಜನ ಇದನ್ನು ಈಗಿನ ಪಿಯುಸಿಯ ಕಲಾ, ವಾಣಿಜ್ಯ, ವಿಜ್ಞಾನ ವಿಭಾಗಗಳ ಹಾಗೆ ಅಂದುಕೊಂಡು ತಪ್ಪು ಬರೆಯುತ್ತಾರೆ. ಈ ಗುಂಪುಗಳು ಎಲ್ಲಿಂದ ಬಂದವು, ಒಬ್ಬ ವಿದ್ಯಾರ್ಥಿ ಒಟ್ಟು ಎಷ್ಟು ವಿಷಯ ಓದುತ್ತಿದ್ದ, ವರ್ಕ್‌ಶಾಪಿನಲ್ಲಿ, ಟೈಪಿಂಗ್ ಕೋಣೆಯಲ್ಲಿ, ಶಾಲೆಯ ಹೊಲದಲ್ಲಿ ಏನು ನಡೆಯುತ್ತಿತ್ತು ಎಂಬುದು ಒಂದೇ ಕಡೆ ಸಿಗಲಿ. ವಿಷಯ ಬಲ್ಲವರು ದಯವಿಟ್ಟು ಬರೆಯಿರಿ. ಸ್ವಂತ ಶಾಲೆಯ ನೆನಪುಗಳಿಗೆ ಬೇರೆ ಎಳೆ ಇದೆ.

ಗಂಗೋತ್ರಿ_ಓದುಗ
ಮೂಲದಿಂದ ಶುರುಮಾಡೋಣ. ಮದರಾಸು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯಲ್ಲಿ 1952ರ ಸೆಪ್ಟೆಂಬರಿನಲ್ಲಿ ಮಾಧ್ಯಮಿಕ ಶಿಕ್ಷಣ ಆಯೋಗ ನೇಮಕವಾಯಿತು. 1953ರ ಆಗಸ್ಟಿನಲ್ಲಿ ವರದಿ ಬಂತು. ಹೈಸ್ಕೂಲು ಎಂದರೆ ಕಾಲೇಜಿಗೆ ಹತ್ತಿಸುವ ಏಣಿ ಮಾತ್ರ ಆಗಿಬಿಟ್ಟಿದೆ, ಕೈಕೆಲಸದಲ್ಲಿ, ಲೆಕ್ಕಪತ್ರದಲ್ಲಿ, ಬೇಸಾಯದಲ್ಲಿ ಒಲವಿರುವ ಮಕ್ಕಳಿಗೆ ಅಲ್ಲಿ ಜಾಗವೇ ಇಲ್ಲ ಎನ್ನುವುದು ಆಯೋಗದ ದೂರಾಗಿತ್ತು. ಅದಕ್ಕೇ ಒಂದೇ ಸೂರಿನಡಿ ಹಲವು ದಾರಿ ಇರುವ ಶಾಲೆ, ಅಂದರೆ ಮಲ್ಟಿಪರ್ಪಸ್ ಹೈಸ್ಕೂಲು ಬೇಕು ಎಂದರು.

ಪಠ್ಯಕ್ರಮದಲ್ಲಿ ಎರಡು ಪದರ. ಎಲ್ಲರೂ ಓದಲೇಬೇಕಾದದ್ದು ಮೊದಲನೆಯದು: ಮಾತೃಭಾಷೆ ಅಥವಾ ಪ್ರಾದೇಶಿಕ ಭಾಷೆ, ಜೊತೆಗೆ ಇನ್ನೊಂದು ಭಾಷೆ (ಹಿಂದಿ, ಪ್ರಾರಂಭಿಕ ಇಂಗ್ಲಿಷ್, ಉನ್ನತ ಇಂಗ್ಲಿಷ್, ಬೇರೊಂದು ಭಾರತೀಯ ಭಾಷೆ, ವಿದೇಶಿ ಭಾಷೆ, ಸಂಸ್ಕೃತದಂಥ ಶಾಸ್ತ್ರೀಯ ಭಾಷೆ, ಇವುಗಳಲ್ಲಿ ಒಂದು), ಸಮಾಜ ವಿಜ್ಞಾನ, ಗಣಿತ ಸೇರಿದ ಸಾಮಾನ್ಯ ವಿಜ್ಞಾನ, ಮತ್ತು ಒಂದು ಕಸುಬು. ಸಮಾಜ ವಿಜ್ಞಾನ ಮತ್ತು ಸಾಮಾನ್ಯ ವಿಜ್ಞಾನ ಮೊದಲ ಎರಡು ವರ್ಷಕ್ಕೆ ಮಾತ್ರ. ಹಳೆಯ ಅಂಕಪಟ್ಟಿಯಲ್ಲಿ ಕೊನೆಯ ವರ್ಷ ಇವು ಕಾಣದಿದ್ದರೆ ವಿದ್ಯಾರ್ಥಿ ಬಿಟ್ಟುಬಿಟ್ಟ ಎಂದು ಅರ್ಥವಲ್ಲ.

ಎರಡನೆಯ ಪದರವೇ ಏಳು ಗುಂಪು. ಯಾವುದಾದರೂ ಒಂದು ಗುಂಪು ಹಿಡಿದು ಅದರೊಳಗಿನಿಂದ ಮೂರು ವಿಷಯ ಆರಿಸಬೇಕು. ಇದಲ್ಲದೆ ಇಷ್ಟವಿದ್ದರೆ ಯಾವ ಗುಂಪಿನಿಂದಲಾದರೂ ಇನ್ನೊಂದು ವಿಷಯ ಸೇರಿಸಿಕೊಳ್ಳಬಹುದಿತ್ತು. ಈ ಕೊನೆಯ ಅವಕಾಶ ಬಹಳ ಜನರಿಗೆ ಗೊತ್ತಿಲ್ಲ. ವಿಜ್ಞಾನದ ಹುಡುಗನ ಹೆಸರಿನ ಮುಂದೆ ‘ಸಂಗೀತ’ ಕಂಡರೆ ಗುಮಾಸ್ತರ ಕೈತಪ್ಪು ಎಂದುಕೊಳ್ಳಬೇಡಿ.

ಹಳೇಕಡತ
ಏಳೂ ಗುಂಪಿನ ವಿಷಯಗಳನ್ನು ಬಿಡಿಸಿ ಬರೆಯಬಹುದೇ ಸರ್?

ಗಂಗೋತ್ರಿ_ಓದುಗ
ಖಂಡಿತ. ಒಂದನೆಯದು ಮಾನವಿಕ: ಶಾಸ್ತ್ರೀಯ ಭಾಷೆ ಅಥವಾ ಮೂರನೆಯ ಭಾಷೆ, ಇತಿಹಾಸ, ಭೂಗೋಳ, ಅರ್ಥಶಾಸ್ತ್ರ-ಪೌರನೀತಿಯ ಮೂಲಾಂಶ, ಮನಃಶಾಸ್ತ್ರ-ತರ್ಕಶಾಸ್ತ್ರದ ಮೂಲಾಂಶ, ಗಣಿತ, ಸಂಗೀತ, ಗೃಹಶಾಸ್ತ್ರ. ಎರಡನೆಯದು ವಿಜ್ಞಾನ: ಭೌತ, ರಸಾಯನ, ಜೀವಶಾಸ್ತ್ರ, ಭೂಗೋಳ, ಗಣಿತ, ಶರೀರಶಾಸ್ತ್ರ-ಆರೋಗ್ಯ. ಜೀವಶಾಸ್ತ್ರ ತೆಗೆದುಕೊಂಡವರು ಶರೀರಶಾಸ್ತ್ರ ತೆಗೆದುಕೊಳ್ಳುವಂತಿರಲಿಲ್ಲ, ಎರಡರ ವಿಷಯವೂ ಒಂದರ ಮೇಲೊಂದು ಬರುತ್ತಿತ್ತು. ಮೂರನೆಯದು ತಾಂತ್ರಿಕ: ಅನ್ವಯಿಕ ಗಣಿತ ಮತ್ತು ಜ್ಯಾಮಿತೀಯ ರೇಖಾಚಿತ್ರ, ಅನ್ವಯಿಕ ವಿಜ್ಞಾನ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂಲಾಂಶ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂಲಾಂಶ. ನಾಲ್ಕನೆಯದು ವಾಣಿಜ್ಯ: ವ್ಯಾಪಾರ ಪದ್ಧತಿ, ಬುಕ್ ಕೀಪಿಂಗ್, ವಾಣಿಜ್ಯ ಭೂಗೋಳ ಅಥವಾ ಅರ್ಥಶಾಸ್ತ್ರ-ಪೌರನೀತಿ, ಶೀಘ್ರಲಿಪಿ ಮತ್ತು ಟೈಪಿಂಗ್. ಐದನೆಯದು ಕೃಷಿ: ಸಾಮಾನ್ಯ ಬೇಸಾಯ, ಪಶುಪಾಲನೆ, ತೋಟಗಾರಿಕೆ, ಕೃಷಿ ರಸಾಯನ ಮತ್ತು ಸಸ್ಯಶಾಸ್ತ್ರ. ಆರನೆಯದು ಲಲಿತಕಲೆ: ಕಲಾ ಇತಿಹಾಸ, ರೇಖಾಚಿತ್ರ-ವಿನ್ಯಾಸ, ವರ್ಣಚಿತ್ರ, ಮಣ್ಣಿನ ಮೂರ್ತಿ ಕೆಲಸ, ಸಂಗೀತ, ನೃತ್ಯ. ಏಳನೆಯದು ಗೃಹವಿಜ್ಞಾನ: ಗೃಹ ಅರ್ಥಶಾಸ್ತ್ರ, ಪೋಷಣೆ ಮತ್ತು ಅಡುಗೆ, ತಾಯ್ತನ-ಶಿಶುಪಾಲನೆ, ಮನೆ ನಿರ್ವಹಣೆ-ಮನೆಯಲ್ಲಿ ರೋಗಿಯ ಆರೈಕೆ.

ಕಸುಬಿನ ಪಟ್ಟಿ ಬೇರೆ: ನೂಲು-ನೇಯ್ಗೆ, ಮರಗೆಲಸ, ಲೋಹದ ಕೆಲಸ, ತೋಟಗಾರಿಕೆ, ಹೊಲಿಗೆ, ಮುದ್ರಣ, ಕಸೂತಿ, ಮಣ್ಣಿನ ಕೆಲಸ ಮುಂತಾದವು. ಸಂಸ್ಕೃತ ಓದುವವನಿಗೂ ಕಸುಬು ಕಡ್ಡಾಯ. ದಾಖಲೆಯಲ್ಲಿ ‘ಮರಗೆಲಸ’ ಎಂದಿದ್ದ ಮಾತ್ರಕ್ಕೆ ಅವನು ಟೆಕ್ನಿಕಲ್ ಗುಂಪಿನವನು ಎಂದು ಬರೆದರೆ ತಪ್ಪಾಗುತ್ತದೆ. ಈ ಗೊಂದಲವನ್ನೇ ಎಲ್ಲಕ್ಕಿಂತ ಹೆಚ್ಚಾಗಿ ನೋಡಿದ್ದೇನೆ.

ಕರಾವಳಿ_ಫಾರಂ
ದಕ್ಷಿಣ ಕನ್ನಡದವರಿಗೆ ಒಂದು ಎಚ್ಚರಿಕೆ. 1956ರ ನವೆಂಬರ್ 1ರವರೆಗೆ ನಮ್ಮದು ಮದರಾಸು ರಾಜ್ಯ. ಅಲ್ಲಿ ಫಾರಂ ಲೆಕ್ಕ: ಐದು ವರ್ಷದ ಪ್ರಾಥಮಿಕದ ಮೇಲೆ ಫಸ್ಟ್ ಫಾರಂ, ಅಂದರೆ ಆರನೇ ವರ್ಷ. ಸಿಕ್ಸ್ತ್ ಫಾರಂ ಎಂದರೆ ಹನ್ನೊಂದನೇ ವರ್ಷ, ಆರನೇ ತರಗತಿ ಅಲ್ಲ. ಮದರಾಸಿನಲ್ಲಿ 1948ರ ಪುನರ್‌ರಚನೆಯಲ್ಲೇ ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಸೆಕ್ರೆಟೇರಿಯಲ್, ಎಂಜಿನಿಯರಿಂಗ್, ಕೃಷಿ ಎಂಬ ಕವಲು ಕೋರ್ಸುಗಳು ಬಂದಿದ್ದವು. ಹಾಗಾಗಿ 1951ರ ದಾಖಲೆಯಲ್ಲಿ ‘ಎಂಜಿನಿಯರಿಂಗ್’ ಕಂಡರೆ ಅದು ಮುದಲಿಯಾರ್ ಗುಂಪು ಅಲ್ಲ ಮಾರಾಯ್ರೆ, ಆಯೋಗ ಆಗ ಹುಟ್ಟಿಯೇ ಇರಲಿಲ್ಲ. ಧಾರವಾಡ-ಬೆಳಗಾವಿಗೆ ಮುಂಬೈ ಪದ್ಧತಿ, ಕಲಬುರಗಿ-ರಾಯಚೂರಿಗೆ ಹೈದರಾಬಾದ್ ಪದ್ಧತಿ, ಕೊಡಗು ಬೇರೆ. ಐದು ಆಡಳಿತಗಳಿಂದ ಬಂದ ಶಾಲೆಗಳು ಏಕೀಕರಣದ ಮರುದಿನವೇ ಒಂದೇ ಪಠ್ಯಕ್ರಮಕ್ಕೆ ಹೊಂದಿಕೊಳ್ಳಲಿಲ್ಲ. ವರ್ಷ ಮತ್ತು ಜಿಲ್ಲೆ ಎರಡನ್ನೂ ನೋಡಿಯೇ ದಾಖಲೆ ಓದಬೇಕು.

ಟಿ_ಸ್ಕ್ವೇರ್
ಟೆಕ್ನಿಕಲ್ ಗುಂಪಿನ ಬಗ್ಗೆ ಬರೆಯುತ್ತೇನೆ. ಮೊದಲು ವೇಳೆಯ ಲೆಕ್ಕ. ಆಯೋಗ ಹೇಳಿದ್ದು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 35 ಪೀರಿಯಡ್, ಒಂದೊಂದು ಸುಮಾರು 45 ನಿಮಿಷ. ವಾರಕ್ಕೆ ಆರು ದಿನದಂತೆ 200 ದಿನ ಎಂದರೆ ಸುಮಾರು 33 ವಾರ. ವಾರಕ್ಕೆ ಐದು ಪೀರಿಯಡ್ ಸಿಕ್ಕ ವಿಷಯಕ್ಕೆ ವರ್ಷಕ್ಕೆ 165 ಪೀರಿಯಡ್, ಸುಮಾರು 124 ಗಂಟೆ.

ಈ 124 ಗಂಟೆ ಕಾಗದದ ಮೇಲೆ ಸಾಕು, ಆದರೆ 45 ನಿಮಿಷದ ತುಂಡಿನಲ್ಲಿ ವರ್ಕ್‌ಶಾಪ್ ನಡೆಯುವುದಿಲ್ಲ. ಸಾಮಾನು ಎಣಿಸಿ ಹಂಚಲು, ಕೊನೆಗೆ ಒರೆಸಿ ಎಣಿಸಿ ಒಳಗಿಡಲು ಹದಿನೈದು ನಿಮಿಷ ಹೋಗುತ್ತದೆ. ಉಳಿಯುವುದು ಅರ್ಧ ಗಂಟೆ. ಎರಡು ಪೀರಿಯಡ್ ಜೋಡಿಸಿದರೆ ಅದೇ ಹದಿನೈದು ನಿಮಿಷ ಹೋಗಿ 75 ನಿಮಿಷ ಕೆಲಸ ಸಿಗುತ್ತದೆ. ವೇಳಾಪಟ್ಟಿಯಲ್ಲಿ ಜೋಡಿ ಪೀರಿಯಡ್ ಇದೆಯೇ ಎಂದು ನೋಡಿದರೆ ಆ ಶಾಲೆಯಲ್ಲಿ ನಿಜವಾಗಿ ಕೆಲಸ ನಡೆಯುತ್ತಿತ್ತೋ ಬರೀ ನೋಟ್ಸ್ ಬರೆಸುತ್ತಿದ್ದರೋ ಗೊತ್ತಾಗುತ್ತದೆ.

ಫಿಟ್ಟಿಂಗ್‌ನಲ್ಲಿ ಮೊದಲ ಪಾಠ ಅರ ಹಿಡಿಯುವುದು. ಮೈಲ್ಡ್ ಸ್ಟೀಲ್ ಪಟ್ಟಿಯನ್ನು ವೈಸಿಗೆ ಕಚ್ಚಿಸಿ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ಹಿಂದಕ್ಕೆ ಎಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ. ತಳ್ಳುವಾಗ ಕೈ ತೂಗಾಡಿದರೆ ಪಟ್ಟಿಯ ನಡು ಉಬ್ಬಿ ಅಂಚು ಇಳಿಯುತ್ತದೆ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಕಾಣುತ್ತದೆ. ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಲೋಹದ ದಪ್ಪದ ಮೇಲೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಕೂತಿರಬೇಕು. ಕಾಲಿಂಚಿನ ಅರ್ಧ, ಅಂದರೆ 1/8 ಇಂಚು ದಪ್ಪದ ತಗಡಿಗೆ ಇಂಚಿಗೆ 24 ಹಲ್ಲಿನ ಬ್ಲೇಡು ಹಾಕಿದರೆ ಸರಿಯಾಗಿ ಮೂರು. 18 ಹಲ್ಲಿನದು ಹಾಕಿದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಒಂದು ವರ್ಗಕ್ಕೆ ಎಷ್ಟು ಬ್ಲೇಡು ಖರ್ಚಾಗುತ್ತದೆ ಎಂಬುದು ಮೇಷ್ಟ್ರು ಇದನ್ನು ಹೇಳಿಕೊಟ್ಟರೋ ಇಲ್ಲವೋ ಎಂಬುದರ ಮೇಲಿದೆ.

ಮರಗೆಲಸದಲ್ಲಿ ಮಾರ್ಟೈಸ್-ಟೆನನ್ ಜೋಡಣೆಯೇ (ಒಂದು ಮರದ ತೂತಿಗೆ ಇನ್ನೊಂದರ ನಾಲಿಗೆ, ಅಂದರೆ ಟೆನನ್, ಕೂರಿಸುವುದು) ಪರೀಕ್ಷೆ ಇದ್ದ ಹಾಗೆ. ಟೆನನ್ ದಪ್ಪ ಮರದ ದಪ್ಪದ ಮೂರನೇ ಒಂದು ಭಾಗ, ಒಂದೂವರೆ ಇಂಚಿನ ಮರಕ್ಕೆ ಅರ್ಧ ಇಂಚು. ಎರಡೂ ತುಂಡಿನಲ್ಲಿ ಗೆರೆಯನ್ನು ಮುಖದ ಬದಿಯಿಂದಲೇ ಎಳೆಯಬೇಕು. ಒಂದರಲ್ಲಿ ಮುಖದಿಂದ, ಇನ್ನೊಂದರಲ್ಲಿ ಬೆನ್ನಿನಿಂದ ಎಳೆದರೆ ಜೋಡಿಸಿದಾಗ ಮೆಟ್ಟಿಲಿನ ಹಾಗೆ ಏರುಪೇರು. ತೂತನ್ನು ಒಂದೇ ಕಡೆಯಿಂದ ಉಳಿ ಹೊಡೆದು ತೆಗೆದರೆ ಆಚೆ ಬದಿ ಸಿಬಿರು ಏಳುತ್ತದೆ. ಅರ್ಧ ಈ ಕಡೆ, ಅರ್ಧ ಆ ಕಡೆಯಿಂದ ತೆಗೆಯಬೇಕು. ಹಸಿ ಮರವಾದರೆ ಇವತ್ತು ಬಿಗಿಯಾಗಿ ಕೂತದ್ದು ಬೇಸಿಗೆಯಲ್ಲಿ ಒಣಗಿ ಅಲ್ಲಾಡುತ್ತದೆ.

ರೇಖಾಚಿತ್ರಕ್ಕೆ ಅರ್ಧ ಇಂಪೀರಿಯಲ್ ಹಾಳೆ, 22 × 15 ಇಂಚು. ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ: ಮುಂಭಾಗದ ನೋಟ XY ಎಂಬ ಅಡ್ಡಗೆರೆಯ ಮೇಲೆ, ಮೇಲಿನಿಂದ ಕಂಡ ನೋಟ ಕೆಳಗೆ. ಅಮೆರಿಕದ ಪುಸ್ತಕಗಳಲ್ಲಿ ಇದು ತಿರುಗುಮುರುಗು. ಆ ಪುಸ್ತಕ ನೋಡಿ ಬರೆದವನು ಪರೀಕ್ಷೆಯಲ್ಲಿ ನೋಟಗಳನ್ನು ಅದಲುಬದಲು ಮಾಡುತ್ತಿದ್ದ.

ಜಮಾಖರ್ಚು
ವಾಣಿಜ್ಯ ಗುಂಪಿನವರಿಗೆ ಆ ದಶಕ ವಿಶೇಷ ಕಷ್ಟದ್ದು, ಏಕೆಂದರೆ ಓದುತ್ತಿರುವಾಗಲೇ ನಾಣ್ಯ ಬದಲಾಯಿತು. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿ, ಆಣೆ, ಪೈ: 16 ಆಣೆಗೆ ರೂಪಾಯಿ, 12 ಪೈಗೆ ಆಣೆ. ಆಮೇಲೆ 100 ನಯಾ ಪೈಸೆ. ಹೊಸ ಪದ್ಧತಿಯಲ್ಲಿ ಒಂದು ಆಣೆಗೆ ಆರೂಕಾಲು ಪೈಸೆ ಬರುತ್ತದೆ, ಆದರೆ ಕಾಲು ಪೈಸೆ ಚಲಾವಣೆಯಲ್ಲಿಲ್ಲ. ಪರಿವರ್ತನೆ ಕೋಷ್ಟಕದಲ್ಲಿ 1 ಆಣೆ 6 ಪೈಸೆ, 2 ಆಣೆ 12, 3 ಆಣೆ 19, 4 ಆಣೆ 25. ಒಂದೊಂದು ಆಣೆಯ ಮೂರು ಬಾಬ್ತನ್ನು ಬಿಡಿಬಿಡಿಯಾಗಿ ಬದಲಿಸಿದರೆ 18 ಪೈಸೆ, ಮೊತ್ತವನ್ನು ಬದಲಿಸಿದರೆ 19. ಒಂದು ಪೈಸೆ ತಾಳೆಯಾಗದೆ ಟ್ರಯಲ್ ಬ್ಯಾಲೆನ್ಸ್ (ಲೆಕ್ಕದ ಎರಡೂ ಬದಿ ಸಮವಿದೆಯೇ ಎಂದು ನೋಡುವ ಪಟ್ಟಿ) ನಿಂತುಬಿಡುತ್ತದೆ. ದಾರಿ ಒಂದೇ: ಮೊದಲು ಆಣೆಯಲ್ಲೇ ಕೂಡು, ಕೊನೆಯ ಮೊತ್ತವನ್ನು ಮಾತ್ರ ಬದಲಿಸು.

ಟ್ರಯಲ್ ಬ್ಯಾಲೆನ್ಸ್ ತಪ್ಪು ಹುಡುಕುವ ಕ್ರಮವೂ ಅದೇ ತರಗತಿಯ ಪಾಠ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಆ ಮೊತ್ತದ ಬಾಬ್ತು ತಪ್ಪು ಬದಿಗೆ ಹೋಗಿದೆಯೇ ನೋಡಬೇಕು. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು: 54ರ ಬದಲು 45 ಬರೆದರೆ ವ್ಯತ್ಯಾಸ 9. ರೂಪಾಯಿ-ಆಣೆ-ಪೈ ಕಾಲದಲ್ಲಿ ಈ ಒಂಬತ್ತರ ಉಪಾಯ ಒಂದು ಕಾಲಮ್ಮಿನೊಳಗೆ ಮಾತ್ರ ನಡೆಯುತ್ತಿತ್ತು. ದಶಮಾಂಶ ಬಂದಮೇಲೆ ಇಡೀ ಮೊತ್ತಕ್ಕೇ ಅನ್ವಯಿಸಿತು. ಕಲಿಸುವವರಿಗೆ ಎಷ್ಟು ಅನುಕೂಲವಾಯಿತು ಎಂದು ಯೋಚಿಸಿ.

ಟೈಪಿಂಗ್: ಪೈಕಾ ಅಕ್ಷರದ ಯಂತ್ರ ಇಂಚಿಗೆ 10 ಅಕ್ಷರ, ಎಲೀಟ್ ಆದರೆ 12. ನೇರ ಸಾಲು ಇಂಚಿಗೆ 6. ಎಂಟು ಇಂಚು ಅಗಲದ ಫೂಲ್ಸ್‌ಕ್ಯಾಪ್ ಹಾಳೆಯಲ್ಲಿ ಪೈಕಾಗೆ 80 ಜಾಗ. ಶೀರ್ಷಿಕೆ ನಡುವೆ ಬರಬೇಕಾದರೆ ಗಾಡಿಯನ್ನು (ಯಂತ್ರದಲ್ಲಿ ಹಾಳೆ ಹಿಡಿದು ಸರಿಯುವ ಭಾಗ) 40ಕ್ಕೆ ತಂದು, ಶೀರ್ಷಿಕೆಯ ಎರಡೆರಡು ಅಕ್ಷರಕ್ಕೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ ಅಲ್ಲಿಂದ ಶುರು. ಪದಗಳ ನಡುವಿನ ಖಾಲಿ ಜಾಗವನ್ನೂ ಎಣಿಸದಿದ್ದರೆ ಶೀರ್ಷಿಕೆ ಬಲಕ್ಕೆ ಜಾರುತ್ತದೆ. ವೇಗದ ಹುಚ್ಚಿನಲ್ಲಿ ಲಯ ತಪ್ಪಿದರೆ ಎರಡು ಅಚ್ಚಿನ ಕಡ್ಡಿ ಒಟ್ಟಿಗೆ ಎದ್ದು ತೆಕ್ಕೆಹಾಕಿಕೊಳ್ಳುತ್ತವೆ. ಅದಕ್ಕೇ ಮೊದಲ ತಿಂಗಳು ವೇಗ ಬೇಡ, ತಾಳ ಬೇಕು.

ಪಿಟ್‌ಮನ್ ಶೀಘ್ರಲಿಪಿಯಲ್ಲಿ ‘ಪ’ ತೆಳು ಗೆರೆಯಾದರೆ ‘ಬ’ ಅದೇ ಗೆರೆ ದಪ್ಪ. ‘ಟ’-‘ಡ’ ಹಾಗೇ. ಗೆರೆ ಸಾಲಿನ ಮೇಲಿದೆಯೋ, ಸಾಲಿಗೆ ತಾಗಿದೆಯೋ, ಸಾಲನ್ನು ಕತ್ತರಿಸಿದೆಯೋ ಎಂಬುದರಿಂದ ಸ್ವರ ಗೊತ್ತಾಗುತ್ತದೆ. ಸಾಲಿಲ್ಲದ ಕಾಗದದಲ್ಲಿ ಅಥವಾ ಗಟ್ಟಿ ನಿಬ್ಬಿನ ಪೆನ್ನಿನಲ್ಲಿ ಬರೆದದ್ದನ್ನು ಮರುದಿನ ಬರೆದವರೇ ಓದಲಾರರು.

ಟಿ_ಸ್ಕ್ವೇರ್
ಯಂತ್ರ ಎಷ್ಟಿರಬೇಕು ಎನ್ನುವುದನ್ನೂ ಹೇಳಿ ಸರ್. ಅದೇ ಕುತ್ತಿಗೆ ಹಿಡಿಯುವ ಜಾಗ.

ಜಮಾಖರ್ಚು
ತರಗತಿಗೆ 30 ಮಕ್ಕಳಿದ್ದರೆ ಚೆನ್ನ, 40 ಮೀರಬಾರದು ಎಂದು ಆಯೋಗ ಹೇಳಿತು. 40 ಮಕ್ಕಳು, 20 ಯಂತ್ರ ಇದ್ದರೆ ಅರ್ಧ ಮಂದಿ ಟೈಪಿಂಗ್, ಅರ್ಧ ಮಂದಿ ಶೀಘ್ರಲಿಪಿ, ಮರುದಿನ ಅದಲುಬದಲು. ಹತ್ತೇ ಯಂತ್ರವಾದರೆ ನಾಲ್ಕು ಪಾಳಿ, ವಾರಕ್ಕೆ ಒಂದು ಸಲ ಕೈ ತಾಗುತ್ತದೆ. ವಾರಕ್ಕೊಮ್ಮೆ ಮುಟ್ಟಿದ ಕೈಗೆ ಬೆರಳ ನೆನಪು ಕೂರುವುದಿಲ್ಲ. ಹಾಗಾಗಿ ಕೊನೆಗೆ ಊರಿನ ಖಾಸಗಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೇ ಹೋಗಬೇಕಾಗುತ್ತದೆ.

ತೋಟದಮನೆ
ಕೃಷಿ ಗುಂಪಿಗೆ ಪಠ್ಯಕ್ಕಿಂತ ದೊಡ್ಡ ತೊಡಕು ಕ್ಯಾಲೆಂಡರು. ಶಾಲೆ ಜೂನಿನಲ್ಲಿ ತೆರೆಯುತ್ತದೆ. ಆ ಹೊತ್ತಿಗೆ ಭೂಮಿ ಉತ್ತು ಹದವಾಗಿರಬೇಕು, ಉಳುಮೆಯ ಪಾಠ ಕಲಿಯಬೇಕಾದ ಮಕ್ಕಳು ಏಪ್ರಿಲ್-ಮೇನಲ್ಲಿ ರಜೆಯಲ್ಲಿರುತ್ತಾರೆ. ದಸರೆ ರಜೆ ಬರುವುದು ತೆನೆ ಬಲಿಯುವ ಹೊತ್ತಿಗೆ, ಹಕ್ಕಿ ಕಾಯಲು ಆಳಿಲ್ಲ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ತೋಟಗಾರಿಕೆಯ ಸಸಿ ಒಣಗುತ್ತವೆ. ಕಾವಲಿಗೆ, ನೀರಿಗೆ ರಜೆಯಲ್ಲೂ ಇರುವ ಒಬ್ಬ ಆಳಿನ ಸಂಬಳ ಬಜೆಟ್ಟಿನಲ್ಲಿ ಇಲ್ಲದಿದ್ದರೆ ಆ ಗುಂಪು ಎರಡನೇ ವರ್ಷಕ್ಕೆ ಕಪ್ಪುಹಲಗೆಗೆ ಇಳಿಯುತ್ತದೆ.

ಕ್ಯಾಲೆಂಡರಿಗೆ ಹೊಂದುವ ಪ್ರಾಯೋಗಿಕ ಪಾಠ ಗೊಬ್ಬರದ ಗುಂಡಿ. ನಮ್ಮ ಕಡೆ ಎರಡು ವಿಧಾನ ಕಲಿಸುತ್ತಾರೆ. ಇಂದೋರ್ ವಿಧಾನದಲ್ಲಿ ಆಗಾಗ ಮಗುಚಿ ಗಾಳಿ ಕೊಡಬೇಕು, ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಡಾ. ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ವಿಧಾನದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸವಿಲ್ಲ, ಆದರೆ ಆರರಿಂದ ಎಂಟು ತಿಂಗಳು ಬೇಕು. ಜೂನಿನಲ್ಲಿ ತುಂಬಿದ ಬೆಂಗಳೂರು ಗುಂಡಿ ಪರೀಕ್ಷೆಗೆ ಮುಂಚೆ ತೆರೆಯಬಹುದು, ಒಂದೇ ವರ್ಷದಲ್ಲಿ ಆದಿ-ಅಂತ್ಯ ಎರಡೂ ಕಾಣುತ್ತವೆ. ಮಣ್ಣಿನ ಮುಚ್ಚಿಗೆ ಬಿರುಕುಬಿಟ್ಟರೆ ನೊಣ, ವಾಸನೆ. ಒಣಗಿದ ಕಸವನ್ನು ನೀರು ಚಿಮುಕಿಸದೆ ತುಂಬಿದರೆ ತೆರೆದಾಗ ಹಾಗೇ ಇರುತ್ತದೆ.

ಅಳತೆಯ ಪಾಠಕ್ಕೆ ಗುಂಟೆ: 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ನಲವತ್ತು ಸೇರಿದರೆ ಎಕರೆ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಗುಂಟೆ ಹಂಚಿ, ಬಿತ್ತನೆ, ಗೊಬ್ಬರ, ಇಳುವರಿ ಎಲ್ಲವನ್ನೂ ಬರೆಸಿ ನಲವತ್ತರಿಂದ ಗುಣಿಸಿದರೆ ಎಕರೆಯ ಲೆಕ್ಕ ತಾನೇ ಬರುತ್ತದೆ. ಗಣಿತ ಮತ್ತು ಬೇಸಾಯ ಸೇರುವ ಇಂಥ ಜಾಗಕ್ಕಾಗಿಯೇ ಈ ಶಾಲೆಗಳನ್ನು ನಾನು ಇಷ್ಟಪಡುತ್ತೇನೆ.

ಒಲೆ_ಮತ್ತು_ಅಳತೆ
ಗೃಹವಿಜ್ಞಾನವನ್ನು ‘ಅಡುಗೆ ಕ್ಲಾಸು’ ಎಂದು ಸಂಚಿಕೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ರಸಾಯನ ಇತ್ತು, ಲೆಕ್ಕ ಇತ್ತು. ಅಕ್ಕಿಯನ್ನು ಮತ್ತೆ ಮತ್ತೆ ತೊಳೆದರೆ, ಅನ್ನದ ಗಂಜಿ ಬಸಿದು ಚೆಲ್ಲಿದರೆ, ನೀರಿನಲ್ಲಿ ಕರಗುವ ಬಿ ಜೀವಸತ್ವ ಹೊರಟುಹೋಗುತ್ತದೆ. ಬೇಳೆ ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕಿದರೆ ಥಯಮಿನ್ ನಾಶವಾಗುತ್ತದೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬಾರದು, ತೊಳೆದು ಹೆಚ್ಚಬೇಕು. ಪಾವು-ಸೇರಿನಲ್ಲಿ ಅಳೆದದ್ದನ್ನು ತೂಕಕ್ಕೆ ತಿರುಗಿಸುವಾಗ ಅಕ್ಕಿಯ ಪಾವು, ರಾಗಿಹಿಟ್ಟಿನ ಪಾವು ಒಂದೇ ತೂಕ ಅಲ್ಲ ಎಂಬುದನ್ನು ತಕ್ಕಡಿಯಲ್ಲೇ ತೋರಿಸಬೇಕು. ಐದು ಜನರ ಮನೆಗೆ ತಿಂಗಳ ದಿನಸಿ ಪಟ್ಟಿ, ದರ, ಉಳಿತಾಯ, ಇವೆಲ್ಲ ಗೃಹ ಅರ್ಥಶಾಸ್ತ್ರದ ಕೆಲಸ.

ನನ್ನ ಆಕ್ಷೇಪ ಬೇರೆ. ಹುಡುಗಿಯರ ಶಾಲೆಗೆ ಏಳನೇ ಗುಂಪು ಕೊಟ್ಟು ಎರಡನೆಯದಾದ ವಿಜ್ಞಾನವನ್ನು ಕೊಡದಿದ್ದರೆ, ಹದಿಮೂರು-ಹದಿನಾಲ್ಕನೇ ವಯಸ್ಸಿಗೇ ವೈದ್ಯಕೀಯದ ಬಾಗಿಲು ಮುಚ್ಚಿತು ಎಂದೇ ಅರ್ಥ. ಪಟ್ಟಿಯಲ್ಲಿ ಏಳು ಗುಂಪಿದ್ದರೂ ಒಂದು ಶಾಲೆಯಲ್ಲಿ ನಿಜವಾಗಿ ಎಷ್ಟು ಗುಂಪಿತ್ತು ಎಂಬುದನ್ನೇ ಮೊದಲು ಕೇಳಬೇಕು.

ಸಾಗರದಾಚೆ
ಮೇಡಂ ಹೇಳಿದ ಮಾತಿಗೆ ಅಮೆರಿಕದ ಹೋಲಿಕೆ ಸೇರಿಸುತ್ತೇನೆ, ಆಯೋಗದಲ್ಲಿ ಅಮೆರಿಕದ ಸದಸ್ಯರೊಬ್ಬರೂ ಇದ್ದರು. ಅಲ್ಲಿನ ಹೈಸ್ಕೂಲಿನಲ್ಲೂ ಆಗ ಮರಗೆಲಸ, ಟೈಪಿಂಗ್, ಗೃಹ ಅರ್ಥಶಾಸ್ತ್ರ, ಲ್ಯಾಟಿನ್, ವಾದ್ಯವೃಂದ, ಡ್ರೈವಿಂಗ್ ಎಲ್ಲ ಒಂದೇ ಕಟ್ಟಡದಲ್ಲಿತ್ತು. ವ್ಯತ್ಯಾಸ ಇರುವುದು ಕಟ್ಟುವ ರೀತಿಯಲ್ಲಿ. ಅಲ್ಲಿ ವಿಷಯವೊಂದಕ್ಕೆ 120 ಗಂಟೆಯ ‘ಯೂನಿಟ್’, ಬಿಡಿಬಿಡಿಯಾಗಿ ಎಣಿಕೆ. ಭೌತಶಾಸ್ತ್ರದ ಜೊತೆ ಟೈಪಿಂಗ್ ತೆಗೆದುಕೊಂಡರೆ ಯಾರೂ ತಡೆಯುತ್ತಿರಲಿಲ್ಲ. ಟಿ_ಸ್ಕ್ವೇರ್ ಅವರು ತೆಗೆದ 124 ಗಂಟೆ ಹೆಚ್ಚುಕಮ್ಮಿ ಅದೇ ಅಳತೆ. ನಮ್ಮಲ್ಲಿ ಮಾತ್ರ ವಿಷಯಗಳನ್ನು ಮೂರು ಮೂರರ ಕಂತೆ ಕಟ್ಟಿ, ಕಂತೆಯನ್ನು ಆರಿಸು ಎಂದರು.

ಇನ್ನೊಂದು ವಿಷಯ ಗಾತ್ರ. ಹಾರ್ವರ್ಡಿನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ 1959ರ ವರದಿಯಲ್ಲಿ ಎಲ್ಲರಿಗೂ ನಾಲ್ಕು ವರ್ಷ ಇಂಗ್ಲಿಷ್, ಮೂರು ಅಥವಾ ನಾಲ್ಕು ವರ್ಷ ಸಮಾಜ ವಿಜ್ಞಾನ, ಒಂದು ವರ್ಷ ಗಣಿತ, ಒಂದು ವರ್ಷ ವಿಜ್ಞಾನ ಕಡ್ಡಾಯ, ಉಳಿದದ್ದು ಐಚ್ಛಿಕ ಎಂದರು. ಜೊತೆಗೆ, ಕೊನೆಯ ತರಗತಿಯಲ್ಲಿ ನೂರು ಮಕ್ಕಳಾದರೂ ಇಲ್ಲದ ಶಾಲೆ ಇಷ್ಟು ಐಚ್ಛಿಕ ವಿಷಯ ಕೊಡಲಾರದು ಎಂದೂ ಹೇಳಿದರು. ನೂರು ಮಕ್ಕಳನ್ನು ಏಳು ಗುಂಪಿಗೆ ಹಂಚಿದರೆ ಗುಂಪಿಗೆ ಹದಿನಾಲ್ಕು. ಹದಿನಾಲ್ಕು ಮಕ್ಕಳಿಗೆ ಒಬ್ಬ ಕೃಷಿ ಮೇಷ್ಟ್ರು, ಒಂದು ಹೊಲ, ಒಂದು ಜೊತೆ ಎತ್ತು. ಈ ಲೆಕ್ಕ ಯಾವ ತಾಲ್ಲೂಕು ಶಾಲೆಗೂ ಕೂಡುವಂಥದ್ದಲ್ಲ.

ಗಂಗೋತ್ರಿ_ಓದುಗ
ಮೇಷ್ಟ್ರ ಕೊರತೆಯನ್ನು ಗಮನಿಸಲಿಲ್ಲ ಎನ್ನುವಂತಿಲ್ಲ. ಅದಕ್ಕೆಂದೇ 1963ರಲ್ಲಿ ಎನ್‌ಸಿಇಆರ್‌ಟಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ವಿಷಯಜ್ಞಾನ ಮತ್ತು ಬೋಧನಾ ತರಬೇತಿ ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಕೋರ್ಸು ಅಲ್ಲಿನ ವಿಶೇಷ. ಪ್ರತಿಯೊಂದರ ಆವರಣದಲ್ಲೂ ಒಂದು ಪ್ರಾತ್ಯಕ್ಷಿಕೆ ಮಲ್ಟಿಪರ್ಪಸ್ ಶಾಲೆ. ಮೈಸೂರಿನ ಡಿಎಂಎಸ್ ಹೆಸರಿನಲ್ಲಿರುವ ‘ಎಂ’ ಇದೇ. ಆದರೆ ವರದಿ 1953ರದು, ಕಾಲೇಜು 1963ರದು. ನಡುವಿನ ಹತ್ತು ವರ್ಷ ಶಾಲೆಗಳು ತೆರೆಯುತ್ತಲೇ ಹೋದವು, ಮೇಷ್ಟ್ರು ಬರಲಿಲ್ಲ. 1966ರಲ್ಲಿ ಕೊಠಾರಿ ಆಯೋಗ ಹತ್ತನೇ ತರಗತಿಯವರೆಗೆ ಕವಲು ಬೇಡ, ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣ, ಅದರೊಳಗೇ ಕಾರ್ಯಾನುಭವ ಇರಲಿ ಎಂದಿತು. 1968ರ ರಾಷ್ಟ್ರೀಯ ನೀತಿ 10+2+3ನ್ನು ಒಪ್ಪಿತು. ತರಬೇತಾದ ಮೇಷ್ಟ್ರು ಹೊರಬರುವ ಹೊತ್ತಿಗೆ ಅವರು ಕಲಿಸಬೇಕಾದ ಗುಂಪುಗಳೇ ಮುಚ್ಚುವ ದಾರಿಯಲ್ಲಿದ್ದವು.

ಟಿ_ಸ್ಕ್ವೇರ್
ಕವಲು ಬೇಗ ಬಂತು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಗುಂಪು ತೆಗೆಯುವ ಭರದಲ್ಲಿ ವರ್ಕ್‌ಶಾಪನ್ನೂ ತೆಗೆದದ್ದು ಸರಿಯಲ್ಲ. ತಾಂತ್ರಿಕ ಗುಂಪು ಸೊರಗಲು ಮುಖ್ಯ ಕಾರಣ ಕಾಲೇಜಿನ ನಿಯಮ. ಎಂಜಿನಿಯರಿಂಗ್‌ಗೆ ಬೇಕಾದದ್ದು ಗಣಿತ, ಭೌತ, ರಸಾಯನ. ಆ ಮೂರೂ ಸಿಗುವುದು ಎರಡನೇ ಗುಂಪಿನಲ್ಲಿ. ಎಂಜಿನಿಯರಿಂಗ್ ಮೂಲಾಂಶವನ್ನೇ ಓದಿದ ಹುಡುಗನಿಗಿಂತ ಅರ ಹಿಡಿಯದ ಹುಡುಗನಿಗೆ ದಾರಿ ಸುಲಭವಾದರೆ ಯಾವ ತಂದೆತಾಯಿ ಮೂರನೇ ಗುಂಪಿಗೆ ಸೇರಿಸುತ್ತಾರೆ? ಎಲ್ಲರಿಗೂ ವಾರಕ್ಕೊಂದು ಜೋಡಿ ಪೀರಿಯಡ್ ಕೈಕೆಲಸ ಉಳಿಸಿಕೊಂಡಿದ್ದರೆ ಸಾಕಿತ್ತು.

ಹಳೇಕಡತ
ಎಲ್ಲರಿಗೂ ಧನ್ಯವಾದ. ಸಂಚಿಕೆ ಮಾಡುವವರು ಒಬ್ಬ ವಿದ್ಯಾರ್ಥಿಯ ದಾಖಲೆಯನ್ನು ಯಾವ ಕ್ರಮದಲ್ಲಿ ಓದಬೇಕು?

ಕರಾವಳಿ_ಫಾರಂ
ಮೊದಲು ವರ್ಷ, ಆಮೇಲೆ ಆ ವರ್ಷ ಶಾಲೆ ಯಾವ ಆಡಳಿತದಲ್ಲಿತ್ತು ಎಂಬುದು. ಮೂರನೆಯದಾಗಿ ಕಸುಬು ಮತ್ತು ಗುಂಪನ್ನು ಬೇರೆ ಮಾಡಿ. ಮೂರು ಐಚ್ಛಿಕ ವಿಷಯ ಯಾವ ಗುಂಪಿಗೆ ಸೇರುತ್ತವೆ ಎಂದು ಮೇಲಿನ ಪಟ್ಟಿಯಲ್ಲಿ ಹುಡುಕಿ, ನಾಲ್ಕನೆಯದು ಇದ್ದರೆ ಅದು ಹೆಚ್ಚುವರಿ. ಭೂಗೋಳ ಮತ್ತು ಗಣಿತ ಮಾನವಿಕ, ವಿಜ್ಞಾನ ಎರಡೂ ಗುಂಪಿನಲ್ಲಿವೆ, ಅವುಗಳಿಂದ ಗುಂಪು ನಿರ್ಧರಿಸಬೇಡಿ, ಉಳಿದ ವಿಷಯ ನೋಡಿ. ಕೊನೆಯ ತರಗತಿ ಹತ್ತೋ ಹನ್ನೊಂದೋ ನೋಡಿ: ಹನ್ನೊಂದು ವರ್ಷದ ಹೈಯರ್ ಸೆಕೆಂಡರಿ ಮುಗಿಸಿದವರು ಮೂರು ವರ್ಷದ ಡಿಗ್ರಿಗೆ ನೇರ ಹೋಗಬಹುದಿತ್ತು, ಹತ್ತು ವರ್ಷದವರು ಒಂದು ವರ್ಷದ ಪಿಯುಸಿ ಮಾಡಬೇಕಿತ್ತು. ಜೂನಿಯರ್ ಟೆಕ್ನಿಕಲ್ ಸ್ಕೂಲಿನ ದಾಖಲೆ ಸಿಕ್ಕರೆ ಅದನ್ನು ಇದರ ಜೊತೆ ಬೆರೆಸಬೇಡಿ, ಅದು ಬೇರೆಯೇ ವ್ಯವಸ್ಥೆ.

ತೋಟದಮನೆ
ದಾಸ್ತಾನು ಪುಸ್ತಕವನ್ನೂ ಕೇಳಿ ನೋಡಿ. ಅಂಕಪಟ್ಟಿಯಲ್ಲಿ ಕೃಷಿ ಇದ್ದು ದಾಸ್ತಾನಿನಲ್ಲಿ ನೇಗಿಲು, ಗುದ್ದಲಿ, ಬೀಜದ ಖರೀದಿ ಇಲ್ಲದಿದ್ದರೆ, ಆ ವರ್ಷ ಪಾಠ ನಡೆದದ್ದು ಹೊಲದಲ್ಲಲ್ಲ.